ಬಾಸ್ಟನ್ನಿನವರೆಗೆ ಹೋಗಿ ಬಂದ ಇದಾಲೀನಾ

ಇದಾಲೀನಾ ಮೂವತ್ತೈದು ವರ್ಷದಿಂದ ನನ್ನ ತಲೆಯ ಮೇಲೆ ನಡೆದಾಡುತ್ತಿದ್ದಾಳೆ. ಮಾತಿಗೆ ಹೇಳುತ್ತಿಲ್ಲ. ಅಮೆರಿಕದ ಫಾಲ್ ರಿವರ್ ಊರಿನ ನಮ್ಮ ಮರದ ಮನೆಗೆ ಮೂರು ಅಂತಸ್ತು. ಕೆಳಗೆ ನಾನು, ನಡುವೆ ಅವಳು, ಮೇಲೆ ಯಾರ್ಯಾರೋ ಬಂದು ಹೋಗುವ ಬಾಡಿಗೆಯವರು. ಹಲಗೆಯ ನೆಲವಾದ್ದರಿಂದ ಅವಳ ಹೆಜ್ಜೆಯ ಸದ್ದಿನಲ್ಲೇ ಅವಳ ಮನಸ್ಸು ನನಗೆ ತಿಳಿಯುತ್ತಿತ್ತು. ಸಂತೋಷವಾಗಿದ್ದರೆ ಹಿಮ್ಮಡಿ ಊರಿ ಧಪಧಪ ನಡೆಯುತ್ತಿದ್ದಳು. ಸಿಟ್ಟು ಬಂದರೆ ಬೆಕ್ಕಿನ ಹಾಗೆ.

ನಾವಿಬ್ಬರೂ ನಡುಸಮುದ್ರದ ಅಸೋರ್ ಎಂಬ ಪೋರ್ಚುಗೀಸ್ ದ್ವೀಪಗಳವರೇ, ಆದರೆ ದ್ವೀಪ ಬೇರೆ. ನಾನು ಸಾಂವ್ ಮಿಗೆಲಿನವಳು, ಅವಳು ಫಾಯಲಿನವಳು. ಆಡುವುದು ಒಂದೇ ಪೋರ್ಚುಗೀಸ್ ಆದರೂ ನಾನು ಬಾಯಿ ಬಿಟ್ಟರೆ ಅವಳಿಗೆ ನಗು. "ಒಲಿಂಪಿಯಕ್ಕಾ, ಬಾಯಲ್ಲಿರೋ ಬಿಸಿ ಆಲೂಗೆಡ್ಡೆ ನುಂಗಿ ಆಮೇಲೆ ಮಾತಾಡು" ಅನ್ನುತ್ತಿದ್ದಳು. "ನಿಮ್ಮ ದ್ವೀಪದಲ್ಲಿ ಬೂದಿ ಬಿಟ್ಟು ತಿನ್ನೋಕೇ ಏನೂ ಇಲ್ಲ, ನಿನಗೆಲ್ಲಿ ಗೊತ್ತಾಗಬೇಕು ಆಲೂಗೆಡ್ಡೆ ರುಚಿ" ಅನ್ನುತ್ತಿದ್ದೆ ನಾನು.

ಬೂದಿಯ ಮಾತು ಸುಮ್ಮನೆ ಆಡಿದ್ದಲ್ಲ. ಅವಳ ಊರಿನ ಎದುರಿಗೆ ಸಮುದ್ರ ಕುದಿಯತೊಡಗಿ, ನೀರೊಳಗಿಂದ ಬೆಂಕಿಯ ಬೆಟ್ಟ ಎದ್ದು, ವರ್ಷವಿಡೀ ಬೂದಿ ಸುರಿಯಿತು. ಅವಳ ಚೊಚ್ಚಲು ಮಗಳು ನತಾಲಿಯಾ ಹುಟ್ಟಿದ್ದು ಆ ಬೂದಿಯ ನಡುವೆಯೇ. ಒಗೆದು ಒಣಗಿಸಿದ ಬಟ್ಟೆಯನ್ನು ಕೊಡವಿ ಕೊಡವಿ ಕೂಸಿಗೆ ಸುತ್ತುತ್ತಿದ್ದಳಂತೆ. ಮೊದಲು ಹೊಲ ಮುಚ್ಚಿತು, ಆಮೇಲೆ ಹೆಂಚು ಕುಸಿಯಿತು, ಕೊನೆಗೆ ಮನೆ ಎಲ್ಲಿತ್ತು ಅಂತ ಗುರುತು ಹಿಡಿಯುವುದೇ ಕಷ್ಟವಾಯಿತು. ಮನೆ ಕಳೆದುಕೊಂಡವರು ಬರಬಹುದು ಅಂತ ಅಮೆರಿಕದವರು ಬಾಗಿಲು ತೆರೆದಾಗ, ಇದಾಲೀನಾಳ ಗಂಡ ಜಿಲ್ಬೆರ್ತು ಹೆಂಡತಿ ಮಗುವನ್ನು ಕರೆದುಕೊಂಡು ಹೊರಟುಬಂದ. ಅವಳ ತಾಯಿ ಮಾತ್ರ ಬರಲೊಪ್ಪಲಿಲ್ಲ. ಗುಡ್ಡದ ಆ ಕಡೆಯ ತನ್ನ ತಮ್ಮನ ಮನೆಗೆ ಹೋಗಿ ಸೇರಿಕೊಂಡಳು.

ಜಿಲ್ಬೆರ್ತು ಒಳ್ಳೆಯವನು. ಮಾತು ಕಡಿಮೆ. ಪಕ್ಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಮೀನು ಹಿಡಿಯುವ ಹಡಗು ಸೇರಿದ. ಹೋದರೆ ವಾರಗಟ್ಟಲೆ ಸಮುದ್ರದ ಮೇಲೆ, ಬಂದರೆ ಎರಡು ದಿನ ನಿದ್ದೆ. ಇದಾಲೀನಾ ಶರ್ಟಿನ ಕಾಲರು ಹೊಲಿಯುವ ಗಿರಣಿಗೆ ಸೇರಿದಳು. ಅಲ್ಲಿಯ ಮೇಲ್ವಿಚಾರಕಿಗೆ ಅವಳ ಹೆಸರು ನಾಲಿಗೆಗೆ ಹೊರಳಲಿಲ್ಲವಂತೆ, ಐಡಾ ಅಂತ ಕರೆದಳು. ಮೊದಲ ದಿನ ಸಂಜೆ ನನ್ನ ಅಡಿಗೆಮನೆಗೆ ಬಂದು ಕೂತು, "ಹೊಲ ಹೋಯ್ತು, ಮನೆ ಹೋಯ್ತು, ಇವತ್ತು ಅರ್ಧ ಹೆಸರೂ ಹೋಯ್ತು ನೋಡು" ಅಂದಳು. ನಗುತ್ತಲೇ ಅಂದಳು. ಆದರೆ ನಾನು ಕೊಟ್ಟ ಸೊಪ್ಪಿನ ಸಾರನ್ನು ಕುಡಿಯದೆ ಚಮಚದಲ್ಲಿ ತಿರುವುತ್ತಾ ಕೂತಿದ್ದಳು.

ಅವಳಿಗೆ ಊರು ಹಿಡಿಸಲೇ ಇಲ್ಲ. ಚಳಿಯನ್ನಾಗಲಿ ಗಿರಣಿಯನ್ನಾಗಲಿ ಬೈದವಳಲ್ಲ. ಅವಳ ದೂರು ಬೇರೆಯೇ ಇತ್ತು.

"ಅಕ್ಕಾ, ನಾನು ಹುಟ್ಟಿದಾಗಿನಿಂದ ಬಾಗಿಲು ತೆಗೆದ್ರೆ ನೆಲಕ್ಕೇ ಕಾಲಿಡ್ತಿದ್ದೆ. ಇಲ್ಲಿ ನನ್ನ ಕಾಲ ಕೆಳಗೆ ನೆಲ ಇಲ್ಲ. ನೀನಿದ್ದೀಯ."

"ಅದಕ್ಕೇ ಸ್ವಲ್ಪ ಮೆತ್ತಗೆ ನಡಿ ಅನ್ನೋದು" ಅಂದೆ.

ತಮಾಷೆ ಮಾಡಿ ತೇಲಿಸಿದೆ. ಅವಳೂ ನಕ್ಕಳು. ಆಗ ನಮ್ಮ ಪೋರ್ಚುಗೀಸ್ ಕ್ಲಬ್ಬಿನಲ್ಲಿ ಗಂಡಸರೆಲ್ಲ ಅಮೆರಿಕ ಅಂದರೆ ಕಾಮಧೇನು ಅನ್ನುವ ಹಾಗೆ ಮಾತಾಡುತ್ತಿದ್ದ ಕಾಲ. ಯಾರು ಕಾರು ಕೊಂಡರು, ಯಾರು ಮನೆ ಮಾಡಿದರು, ಅದೇ ಮಾತು. ದೂರದ ಬೆಟ್ಟ ನುಣ್ಣಗೆ ಅಂತ ಎಲ್ಲರಿಗೂ ಬಂದ ಮೊದಲ ಚಳಿಗಾಲದಲ್ಲೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಅದರಲ್ಲೂ ಹೆಂಗಸರು. ಗಂಡ ದುಡಿಯುತ್ತಿದ್ದಾನೆ, ಮಕ್ಕಳು ಶಾಲೆಗೆ ಹೋಗುತ್ತಿವೆ, ಮೈಮೇಲೆ ಕೋಟಿದೆ, ಇನ್ನೇನು ಬೇಕಂತೆ ಇವಳಿಗೆ ಅಂತ ಕೇಳುತ್ತಾರೆ ಅನ್ನುವ ಹೆದರಿಕೆ.

ಇಲ್ಲಿಗೆ ಬಂದ ಮೇಲೆ ಅವಳಿಗೆ ಮಗ ದುವಾರ್ತೆ ಹುಟ್ಟಿದ. ಅವನು ಅಂಬೆಗಾಲು ಬಿಟ್ಟು ಎದ್ದು ಓಡಾಡುವ ಹೊತ್ತಿಗೆ ನತಾಲಿಯಾ ಶಾಲೆಗೆ ಹೋಗತೊಡಗಿದ್ದಳು. ಆ ವರ್ಷದ ಬೇಸಿಗೆಯ ಒಂದು ಬೆಳಿಗ್ಗೆ, ಜಿಲ್ಬೆರ್ತು ಸಮುದ್ರಕ್ಕೆ ಹೋಗಿದ್ದಾಗ, ಇದಾಲೀನಾ ಮಕ್ಕಳಿಬ್ಬರನ್ನೂ ಕರೆದುಕೊಂಡು ಕೆಳಗಿಳಿದು ಬಂದಳು. ಚರ್ಚಿಗೆ ಹೋಗುವಾಗ ಹಾಕುವ ಕೋಟು ಹಾಕಿದ್ದಳು. ಬೇಸಿಗೆಯಲ್ಲಿ ಕೋಟು.

"ಅಕ್ಕಾ, ಇವರನ್ನ ಸ್ವಲ್ಪ ನೋಡ್ಕೋತೀಯಾ? ಹಲ್ಲು ನೋಯ್ತಾ ಇದೆ. ಡಾಕ್ಟರ ಹತ್ರ ಹೋಗಿ ಬರ್ತೀನಿ."

ಅವಳ ಬಲಗೈಯಲ್ಲಿ ಸೂಟ್‌ಕೇಸ್ ಇತ್ತು. ದ್ವೀಪದಿಂದ ಬರುವಾಗ ತಂದದ್ದು, ಹಗ್ಗ ಕಟ್ಟಿದ್ದು. ಹಲ್ಲು ತೋರಿಸಲು ಸೂಟ್‌ಕೇಸ್ ಹಿಡಿದುಕೊಂಡು ಹೋಗುವವರನ್ನು ನಾನಂತೂ ನೋಡಿಲ್ಲ. ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ನತಾಲಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು ಸೂಟ್‌ಕೇಸನ್ನೇ ನೋಡುತ್ತಿದ್ದಳು.

ಕೇಳಬಹುದಿತ್ತು. ಕೇಳಿದರೆ ಅವಳು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು, ಆಮೇಲೆ ಅದನ್ನು ಉಳಿಸಿಕೊಳ್ಳಲು ಮತ್ತೊಂದು. "ಹೋಗಿ ಬಾ. ಮಕ್ಕಳ ಚಿಂತೆ ಬೇಡ" ಅಂದೆ. ಅಷ್ಟೇ. ಅವಳು ದುವಾರ್ತೆಯ ತಲೆ ಸವರಿ, ನತಾಲಿಯಾಳ ಕಡೆ ತಿರುಗದೆ, ಬಸ್ಸು ನಿಲ್ಲುವ ಕಡೆಗೆ ನಡೆದಳು.

ಸಂಜೆಯಾದರೂ ಬರಲಿಲ್ಲ. ಮಕ್ಕಳಿಗೆ ಉಣಿಸಿ ನನ್ನ ಹಾಸಿಗೆಯಲ್ಲೇ ಮಲಗಿಸಿದೆ. ಅಮ್ಮ ಎಲ್ಲಿ ಅಂತ ದುವಾರ್ತೆ ಅತ್ತ, ಅತ್ತು ನಿದ್ದೆಹೋದ. ನತಾಲಿಯಾ ಅಳಲೂ ಇಲ್ಲ, ಕೇಳಲೂ ಇಲ್ಲ. ಅದೇ ನನಗೆ ಸಂಕಟವಾದದ್ದು. ನನ್ನ ಗಂಡ ಆಗ ಇದ್ದರು. "ಪೊಲೀಸರಿಗೆ ಹೇಳೋಣವೇನೇ?" ಅಂದರು. "ಹಲ್ಲಿನ ಡಾಕ್ಟರ ಹತ್ರ ಹೋದವಳಿಗೆ ಪೊಲೀಸರು ಯಾಕೆ, ಸುಮ್ಮನಿರಿ" ಅಂದೆ.

ಮರುದಿನ ಮಧ್ಯಾಹ್ನ ಅವಳು ಬಂದಳು. ಕೋಟು ತೋಳಿನ ಮೇಲೆ, ಸೂಟ್‌ಕೇಸು ಕೈಯಲ್ಲಿ, ಮುಖವೆಲ್ಲ ಊದಿಕೊಂಡಿತ್ತು. ಹಲ್ಲುನೋವು ಅಂತ ಬೇಕಾದರೆ ನಂಬಬಹುದಿತ್ತು.

"ಕಿತ್ತರಾ?" ಅಂತ ಕೇಳಿದೆ.

"ಇಲ್ಲ. ಹಾಗೇ ಬಿಟ್ಟರು."

"ಒಳ್ಳೇದಾಯ್ತು ಬಿಡು. ಗಟ್ಟಿ ಹಲ್ಲು ಯಾಕೆ ಕೀಳಬೇಕು. ಊಟ ಮಾಡ್ತೀಯಾ?"

ಊಟ ಮಾಡಿದಳು. ಎರಡು ಸಲ ಹಾಕಿಸಿಕೊಂಡಳು. ದುವಾರ್ತೆ ಅವಳ ಮಡಿಲಿಂದ ಇಳಿಯಲಿಲ್ಲ. ನತಾಲಿಯಾ ಮೇಜಿನ ಆ ತುದಿಯಲ್ಲಿ ಕೂತು ತಾಯಿ ಉಣ್ಣುವುದನ್ನು ನೋಡಿದಳು. ಆಮೇಲೆ ಆ ವಿಷಯ ನಮ್ಮಿಬ್ಬರ ಮಧ್ಯೆ ಯಾವತ್ತೂ ಬರಲಿಲ್ಲ. ಸಮುದ್ರದಿಂದ ಬಂದ ಜಿಲ್ಬೆರ್ತುವಿಗೂ ಗೊತ್ತಾಗಲಿಲ್ಲ.

ದಿನಗಳು ಹೋದವು. ಇದಾಲೀನಾ ಗಿರಣಿಯಲ್ಲಿ ಪಳಗಿದಳು. ಹೊಸದಾಗಿ ಬಂದ ಹುಡುಗಿಯರಿಗೆ ಕಾಲರಿನ ಮೂಲೆ ತಿರುಗಿಸುವುದನ್ನು ಅವಳೇ ಕಲಿಸುತ್ತಿದ್ದಳು. ಜಿಲ್ಬೆರ್ತು ಹಿತ್ತಲಲ್ಲಿ ದ್ರಾಕ್ಷಿ ಚಪ್ಪರ ಹಾಕಿದ. ಮನೆಯೊಡೆಯ ಮುದುಕ ಮಾರುತ್ತೇನೆ ಅಂದಾಗ ಗಂಡಹೆಂಡತಿ ಸೇರಿ ಮೂರು ಅಂತಸ್ತನ್ನೂ ಕೊಂಡರು. ನಾನು ರಾತ್ರಿ ಬೆಳಗಾಗುವುದರೊಳಗೆ ಅವಳ ಬಾಡಿಗೆದಾರಳಾದೆ.

"ಇನ್ನು ಮೆತ್ತಗೆ ನಡಿ ಅಂದ್ರೆ ಬಾಡಿಗೆ ಏರಿಸ್ತೀನಿ" ಅಂತ ಹೆದರಿಸಿದಳು. ಏರಿಸಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೇಳುವುದನ್ನೇ ಬಿಟ್ಟಳು. ನಾನೇ ಹೋಗಿ ಕೊಡಬೇಕಾಗುತ್ತಿತ್ತು.

ನತಾಲಿಯಾ ಓದಿದಳು. ನಮ್ಮ ಬೀದಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಅವಳು. ಹೈಸ್ಕೂಲಿನಲ್ಲಿ ಟೀಚರಾದಳು, ಬಾಸ್ಟನ್ನಿನ ಹತ್ತಿರ ಮನೆ ಮಾಡಿದಳು. ತಾಯಿ ಮಗಳ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಭಾನುವಾರ ಬಂದರೆ ತಾಯಿ ಬಡಿಸುತ್ತಾಳೆ, ಮಗಳು ಉಣ್ಣುತ್ತಾಳೆ, ಪಾತ್ರೆ ತೊಳೆಯುವಾಗ ಹವೆಯ ಮಾತಾಡುತ್ತಾರೆ. ಇವರಿಬ್ಬರ ನಡುವೆ ಏನೋ ನಿಂತಿದೆ ಅಂತ ನನಗೆ ಅನ್ನಿಸುತ್ತಿತ್ತು. ಏನು ಅಂತಲೂ ಗೊತ್ತಿತ್ತು.

ನತಾಲಿಯಾ ಪುಸ್ತಕ ಬರೆದದ್ದು ಆಮೇಲೆ. ಇಂಗ್ಲಿಷಿನಲ್ಲಿ ಬರೆದ ಕಾದಂಬರಿ. ದ್ವೀಪ ಬಿಟ್ಟು ಬಂದ ಸಂಸಾರವೊಂದರ ಕಥೆ. ಮೊದಲ ಪ್ರತಿಯನ್ನು ತಾಯಿಗೆ ತಂದುಕೊಟ್ಟಾಗ ನಾನೂ ಅಲ್ಲಿದ್ದೆ.

"ಅಮ್ಮಾ, ಇದರಲ್ಲಿ ಏನಿದೆ ಅಂತ ನಿನಗೆ ಹೇಳಬೇಕು."

"ನಿನ್ನ ಹೆಸರು ಎಷ್ಟು ದಪ್ಪಕ್ಷರದಲ್ಲಿ ಹಾಕಿದ್ದಾರೆ ನೋಡು" ಅಂದಳು ಇದಾಲೀನಾ.

"ಅಮ್ಮಾ, ಸ್ವಲ್ಪ ಕೂತ್ಕೋ."

"ಕೂತ್ರೆ ಮೀನು ಸೀದುಹೋಗುತ್ತೆ" ಅಂತ ಒಲೆಯ ಕಡೆಗೆ ನಡೆದಳು. ಪುಸ್ತಕವನ್ನು ಗಾಜಿನ ಬೀರುವಿನಲ್ಲಿ, ಹಬ್ಬಕ್ಕೆ ತೆಗೆಯುವ ಪಿಂಗಾಣಿ ತಟ್ಟೆಗಳ ಜೊತೆ ನಿಲ್ಲಿಸಿದಳು. ಬಂದವರಿಗೆಲ್ಲ ಗಾಜಿನ ಆಚೆಯಿಂದಲೇ ತೋರಿಸುತ್ತಿದ್ದಳು.

ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಬ್ರೆಡ್ಡಿನಂಗಡಿಯಲ್ಲಿ ಫಿಲೊಮೆನಾ ಸಿಕ್ಕಳು. ಫಿಲೊಮೆನಾ ನಮ್ಮ ಬೀದಿಯ ಕೊನೆಯ ಮನೆಯವಳು. ಅವಳ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಎಲ್ಲರ ಮನೆಗೂ ಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿ ಓದುತ್ತಾಳೆ ಬೇರೆ.

"ಇದಾಲೀನಾ, ನಿನ್ನ ಮಗಳ ಪುಸ್ತಕ ಓದಿದೆ ಕಣೇ. ಅದರಲ್ಲಿ ಒಬ್ಬಳು ತಾಯಿ ಇದ್ದಾಳಲ್ಲ, ಮಕ್ಕಳನ್ನ ಪಕ್ಕದ ಮನೇಲಿ ಬಿಟ್ಟು ಓಡಿಹೋಗೋಳು, ಅವಳು ಯಾರೇ? ನಮಗೆ ಗೊತ್ತಿರೋರಾ?"

ಇದಾಲೀನಾ ಏನು ಹೇಳಿದಳೋ ನನಗೆ ತಿಳಿಯದು. ಬ್ರೆಡ್ಡು ತೆಗೆದುಕೊಳ್ಳದೆ ಬಂದಳು. ಸೀದಾ ನನ್ನ ಅಡಿಗೆಮನೆಗೆ ಬಂದು ನಿಂತಳು. ಬೆಕ್ಕಿನ ಹೆಜ್ಜೆ. ಬಂದದ್ದೇ ನನಗೆ ಕೇಳಿಸಲಿಲ್ಲ.

"ನೀನು ಹೇಳಿದ್ಯಾ?"

ಇಷ್ಟು ವರ್ಷಗಳ ಮೇಲೆ ಅವಳು ಆ ಮಾತೆತ್ತಿದ್ದು ಅದೇ ಮೊದಲು.

"ನಾನು ಯಾರಿಗೆ ಹೇಳಲಿ? ನಮ್ಮನೆಯವರಿಗೇ ಹೇಳಲಿಲ್ಲ" ಅಂದೆ. "ಅವಳಿಗೆ ಆಗ ಕಣ್ಣಿರಲಿಲ್ವಾ? ಬಾಗಿಲಲ್ಲೇ ನಿಂತಿದ್ದಳಲ್ಲ."

ಇದಾಲೀನಾ ಕುರ್ಚಿಯ ಮೇಲೆ ಕುಸಿದು ಕೂತಳು. "ಜಿಲ್ಬೆರ್ತುಗೆ ಗೊತ್ತಿಲ್ಲ ಅಕ್ಕಾ. ಇಷ್ಟು ವರ್ಷ ಅವನ ಪಕ್ಕ ಮಲಗಿದ್ದೀನಿ, ಅವನಿಗೆ ಗೊತ್ತಿಲ್ಲ."

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ನಮ್ಮ ಪೋರ್ಚುಗೀಸ್ ಕ್ಲಬ್ಬಿನವರು ನತಾಲಿಯಾಳನ್ನು ಕರೆದಿದ್ದರು. ಶನಿವಾರ ಮಧ್ಯಾಹ್ನ ಸಭೆ, ಅವಳು ತನ್ನ ಪುಸ್ತಕದ ಒಂದು ಭಾಗವನ್ನು ನಮ್ಮ ಭಾಷೆಗೆ ತಿರುಗಿಸಿ ಓದುತ್ತಾಳೆ, ಆಮೇಲೆ ಕಾಫಿ, ಕರಿದ ಸಿಹಿ ತಿಂಡಿ. ಬೀದಿಯವರೆಲ್ಲ ಹೊರಟರು. ಎಷ್ಟೋ ಮಂದಿಗೆ ಪುಸ್ತಕಕ್ಕಿಂತ ಅದರಲ್ಲಿ ಯಾರ ಮಾನ ಹೋಗಿದೆ ಅನ್ನುವುದರ ಮೇಲೆ ಆಸಕ್ತಿ. "ನನ್ನ ಮೀಸೆ ಬಗ್ಗೆ ಏನಾದ್ರೂ ಬರೆದಿದ್ರೆ ಎದ್ದು ಬಂದುಬಿಡ್ತೀನಿ" ಅಂತ ಕ್ಷೌರದಂಗಡಿಯ ಬೆಲ್ಮಿರು ಮೊದಲೇ ಸಾರಿದ್ದ.

ಇದಾಲೀನಾ ಮಂಡಿನೋವು ಅಂದಳು. ಶನಿವಾರ ಬೆಳಿಗ್ಗೆ ನಾನು ಮೇಲೆ ಹತ್ತಿ ಹೋದೆ.

"ನೀನು ಬರದೇ ಇದ್ರೆ ಎಲ್ಲರೂ ಅದು ನೀನೇ ಅಂತ ತೀರ್ಮಾನ ಮಾಡ್ತಾರೆ."

"ಬಂದ್ರೆ?"

"ಬಂದ್ರೂ ಮಾಡಬಹುದು. ಆದ್ರೆ ಕಾಫಿನಾದ್ರೂ ಸಿಗುತ್ತೆ."

ಜಿಲ್ಬೆರ್ತು ಆಗಲೇ ಕೋಟು ಹಾಕಿ, ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದ. "ಮಗಳು ಓದ್ತಾಳೆ, ನೀನು ಬರೋದಿಲ್ವಾ?" ಅಂದ. ಅವನ ಮುಖದ ಸಂತೋಷ ನೋಡಿ ಅವಳಿಗೆ ಇಲ್ಲ ಅನ್ನಲು ಆಗಲಿಲ್ಲ.

ಸಭಾಂಗಣ ತುಂಬಿತ್ತು. ನಾವು ಮೂರನೇ ಸಾಲಿನಲ್ಲಿ ಕೂತೆವು, ಜಿಲ್ಬೆರ್ತು ಆ ಕಡೆ, ನಾನು ಈ ಕಡೆ, ನಡುವೆ ಅವಳು. ನತಾಲಿಯಾ ಓದಲು ನಿಂತವಳು ತಾಯಿಯನ್ನು ಕಂಡು ಕೈಯಲ್ಲಿದ್ದ ಹಾಳೆಗಳನ್ನು ಹಿಂದೆ ಮುಂದೆ ಮಾಡಿದಳು. ಬೇರೆ ಭಾಗ ಓದೋಣ ಅಂತ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ. ಹಿಂದಿನಿಂದ ಫಿಲೊಮೆನಾ, "ಆ ತಾಯಿ ಹೊರಟುಹೋಗೋದನ್ನ ಓದಮ್ಮಾ, ಅದು ಚೆನ್ನಾಗಿದೆ" ಅಂದಳು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ನತಾಲಿಯಾ ಓದಿದಳು. ಕಥೆಯಲ್ಲಿ ಹೆಸರು ಬೇರೆ, ಊರು ಬೇರೆ. ಆದರೆ ಬೇಸಿಗೆಯ ಕೋಟು ಅದೇ, ಹಗ್ಗ ಕಟ್ಟಿದ ಸೂಟ್‌ಕೇಸ್ ಅದೇ, ಬಾಗಿಲಲ್ಲಿ ನಿಂತ ಹುಡುಗಿಯೂ ಅದೇ. ಪಕ್ಕದ ಮನೆಯ ಹೆಂಗಸು ಒಬ್ಬಳಿದ್ದಳು, ತುಂಬ ದಪ್ಪ ಅಂತ ಬರೆದಿದ್ದಳು. ಇರಲಿ. ತಾಯಿ ಬಾಸ್ಟನ್ನಿನ ವಿಮಾನ ನಿಲ್ದಾಣಕ್ಕೆ ಹೋಗುತ್ತಾಳೆ. ವಿಮಾನ ಕಾಣುತ್ತದೆ. ಆಗ ಮಕ್ಕಳ ಮುಖ ಕಣ್ಣ ಮುಂದೆ ಬಂದು, ಅವಳು ಟಿಕೇಟನ್ನು ಹರಿದು ಹಾಕಿ, ಓಡಿ ಮನೆಗೆ ಬರುತ್ತಾಳೆ. ಹುಡುಗಿ ತಾಯಿಯ ಕೋಟಿನಲ್ಲಿ ಮುಖ ಹುದುಗಿಸಿ ಅಳುತ್ತಾಳೆ.

ಓದಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇದಾಲೀನಾಳ ಕೈ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ನನ್ನ ಉಂಗುರ ಬೆರಳಿಗೆ ಒತ್ತಿ ನೋಯುತ್ತಿತ್ತು.

"ಇದು ಯಾರ ಕಥೆ ಮಗಾ?" ಅಂತ ಫಿಲೊಮೆನಾ ಕೇಳಿಯೇಬಿಟ್ಟಳು.

"ಯಾರದೂ ಅಲ್ಲ" ಅಂದಳು ನತಾಲಿಯಾ. "ಕಟ್ಟಿದ ಕಥೆ."

ಅವಳ ಕೈ ನನ್ನ ಕೈ ಬಿಟ್ಟಿತು. ಇದಾಲೀನಾ ಎದ್ದು ನಿಂತಿದ್ದಳು.

"ಪೂರ್ತಿ ಕಟ್ಟಿದ್ದಲ್ಲ" ಅಂದಳು. "ಆ ಹೆಂಗಸು ನಾನೇ. ಆದ್ರೆ ಇವಳಿಗೆ ಅರ್ಧ ಗೊತ್ತಿಲ್ಲ. ಮಕ್ಕಳ ನೆನಪಾಗಿ ವಾಪಸ್ ಬಂದೆ ಅಂತ ಬರೆದಿದ್ದಾಳೆ. ಹಾಗೇನೂ ಇಲ್ಲ. ಮಂಜು ಕವಿದಿತ್ತು. ವಿಮಾನ ಹೊರಡಲಿಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಕ್ಕದ್ದು ತಪ್ಪಾಯಿತೇನೋ ಅನ್ನುವ ಹಾಗೆ ಸುಮ್ಮನಾದರು.

"ನಗಿ, ಪರವಾಗಿಲ್ಲ" ಅಂದಳು ಇದಾಲೀನಾ. "ಮಂಜು ಇಲ್ದೇ ಇದ್ದಿದ್ರೆ ಹೋಗೇಬಿಡ್ತಿದ್ದೆ. ದೇವರಾಣೆ. ಬೆಳಿಗ್ಗೆ ಹೊರಡುತ್ತೆ, ಕೂತಿರಿ ಅಂದ್ರು. ಬೆಂಚಿನ ಮೇಲೆ ಕೂತೆ. ನನ್ನ ಪಕ್ಕದಲ್ಲಿ ಊರಿಗೆ ಹೋಗೋರು ಕೂತಿದ್ರು, ಒಬ್ಬೊಬ್ಬರ ಹತ್ರ ಎಷ್ಟೆಷ್ಟು ಸಾಮಾನು. ಎಲ್ಲ ಉಡುಗೊರೆ. 'ನೀವೇನು ತಗೊಂಡು ಹೋಗ್ತಿದ್ದೀರಿ?' ಅಂತ ನನ್ನ ಕೇಳಿದ್ರು. ನನ್ನ ಸೂಟ್‌ಕೇಸಲ್ಲಿ ನನ್ನ ಎರಡು ಲಂಗ ಇತ್ತು. ನಮ್ಮಮ್ಮ ಬಾಗಿಲು ತೆಗೆದು 'ಯಾಕೆ ಬಂದೆ?' ಅಂತ ಕೇಳಿದ್ರೆ ಏನು ಹೇಳಲಿ ಅಂತ ಕೂತು ಕೂತು ಯೋಚನೆ ಮಾಡಿದೆ. ಹೊಳೀಲಿಲ್ಲ."

ಮಗಳ ಕಡೆ ತಿರುಗಿದಳು. ನತಾಲಿಯಾ ಹಾಳೆಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಮಕ್ಕಳ ನೆನಪು ಬರ್ಲಿಲ್ಲ ಅಂತಲ್ಲ. ಅವರು ಒಲಿಂಪಿಯಕ್ಕನ ಹತ್ರ ಇದ್ರು. ನನಗಿಂತ ಚೆನ್ನಾಗಿ ನೋಡ್ಕೋತಾಳೆ ಅಂತ ಗೊತ್ತಿತ್ತು. ಬೆಳಗಿನ ಜಾವ ನೆನಪಾಗಿದ್ದು ಬೇರೆ. ಹೊರಡೋ ಹಿಂದಿನ ದಿನ ಅವರೆಕಾಳು ನೆನೆಹಾಕಿದ್ದೆ. ಹಾಗೇ ಬಿಟ್ಟು ಬಂದಿದ್ದೆ. ಈ ಸೆಕೆಗೆ ಹುಳಿ ಬಂದು ಮನೆಯೆಲ್ಲ ನಾರ್ತಾ ಇರುತ್ತೆ ಅನ್ನಿಸ್ತು. ನನ್ನ ಮನೆ ನಾರ್ತಾ ಇರುತ್ತೆ ಅಂತ. ಅಲ್ಲಿವರೆಗೆ ನಾನು ಅದನ್ನ ನನ್ನ ಮನೆ ಅಂತ ಅಂದಿರಲಿಲ್ಲ. ಮಂಜು ಕರಗಿತು, ಎಲ್ಲರೂ ವಿಮಾನ ಹತ್ತಿದ್ರು, ನಾನು ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳ್ಕೊಂಡು ಬಂದೆ. ಕಾಳು ಚೆಲ್ಲೋಕೆ ಬಂದೆ ಅಂತ ಬರಿ ಮಗಾ. ಅದು ನಿಜ."

ಮೊದಲು ನಕ್ಕವಳು ನತಾಲಿಯಾ. ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ಸಭೆಯೇ ನಕ್ಕಿತು. ಅದು ಅಣಕದ ನಗೆಯಾಗಿರಲಿಲ್ಲ. ಬಿಗಿದು ಕಟ್ಟಿದ್ದನ್ನು ಬಿಚ್ಚಿದ ಹಾಗೆ ಇತ್ತು.

ನಗೆ ನಿಂತ ಮೇಲೆ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಮುದುಕಿ ಎದುವಿಜೆಸ್ ಕೋಲು ಊರಿ ಎದ್ದಳು. ಚರ್ಚಿನಲ್ಲಿ ಹೂ ಜೋಡಿಸುವವಳು, ಯಾರ ತಂಟೆಗೂ ಹೋಗದವಳು.

"ನಾನು ಬಾಸ್ಟನ್‌ವರೆಗೆ ಹೋಗಿರ್ಲಿಲ್ಲ" ಅಂದಳು. "ಪ್ರಾವಿಡೆನ್ಸಿನ ಬಂದರಿಗೆ ಹೋಗಿದ್ದೆ. ಆಗ ವಿಮಾನ ಎಲ್ಲಿತ್ತು. ಮೂರು ಮಕ್ಕಳು. ಅತ್ತೆ ಹತ್ರ ಬಿಟ್ಟಿದ್ದೆ. ಹಡಗು ತಪ್ಪಿಹೋಯ್ತು."

"ನಮ್ಮಮ್ಮನಾ?" ಅಂದ ಅವಳ ಪಕ್ಕದಲ್ಲಿದ್ದ ಮಗ. ಅವನಿಗೆ ಅರವತ್ತು ದಾಟಿತ್ತು.

"ಹೂಂ, ನಿಮ್ಮಮ್ಮನೇ. ಕೂತ್ಕೋ."

ಆಮೇಲೆ ತಡೆಯೇ ಇರಲಿಲ್ಲ. ಒಬ್ಬಳು ಪ್ರತಿ ವರ್ಷ ಹಬ್ಬ ಮುಗಿದ ಮರುದಿನ ಪೆಟ್ಟಿಗೆ ಕಟ್ಟಿ, ಸಂಜೆಗೆ ಬಿಚ್ಚುತ್ತಿದ್ದಳಂತೆ. ಇನ್ನೊಬ್ಬಳು ನಿಜವಾಗಿಯೂ ದ್ವೀಪಕ್ಕೆ ಹೋಗಿ, ಅಲ್ಲಿ ಇರಲಾರದೆ, ತಂಗಿಯ ಬಾಣಂತನಕ್ಕೆ ಹೋಗಿದ್ದೆ ಅಂತ ಎಲ್ಲರಿಗೂ ಹೇಳಿದ್ದಳಂತೆ. ಬೆಲ್ಮಿರು ಎದ್ದು, "ಗಂಡಸರೂ ಹೇಳಬಹುದಾ?" ಅಂದ. ಮೊದಲ ವರ್ಷ ಕ್ಷೌರದಂಗಡಿಯ ಬಾಗಿಲು ಹಾಕಿ ಬೀಗದ ಕೈಯನ್ನು ಒಳಕ್ಕೆ ಎಸೆದು ಹೊರಟಿದ್ದನಂತೆ. ರೈಲು ನಿಲ್ದಾಣದಲ್ಲಿ ಗಿರಾಕಿಯೊಬ್ಬ ಸಿಕ್ಕಿ, "ನಾಳೆ ನನ್ನ ಮದುವೆ, ಗಡ್ಡ ಯಾರು ಮಾಡ್ತಾರೆ?" ಅಂದದ್ದಕ್ಕೆ ವಾಪಸ್ ಬಂದು ತನ್ನ ಅಂಗಡಿಯ ಕಿಟಕಿಯನ್ನು ತಾನೇ ಒಡೆದನಂತೆ.

ಕಾಫಿ ಆರಿತು. ಯಾರೂ ಏಳಲಿಲ್ಲ. ಎಲ್ಲರೂ ಫಿಲೊಮೆನಾಳ ಕಡೆ ನೋಡಿದರು. ಅವಳು ಕೈಚೀಲದ ಹಿಡಿ ತಿರುಚುತ್ತಾ, "ನನಗೆ ಹಾಗೆಲ್ಲ ಏನೂ ಆಗಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಸ್ ಸ್ಟಾಂಡಿನವರೆಗೆ ಹೋಗಿದ್ದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದಳು. ಬರುತ್ತದೆ ಅಂತ ಇದಾಲೀನಾಳೇ ಅಂದಳು. ನನ್ನದೂ ಒಂದಿದೆ. ಅಲ್ಲಿ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಇಷ್ಟೆಲ್ಲ ಆದರೂ ಜಿಲ್ಬೆರ್ತು ಬಾಯಿ ಬಿಟ್ಟಿರಲಿಲ್ಲ. ಇದಾಲೀನಾ ಮಾತಾಡುವಾಗ ಅವನು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದ. ಮನೆಗೆ ನಡೆದು ಬರುವಾಗ ಅವರಿಬ್ಬರೂ ಮುಂದೆ, ನಾನೂ ನತಾಲಿಯಾಳೂ ಹಿಂದೆ. ಗಂಡಹೆಂಡತಿಯ ನಡುವೆ ಒಂದಾಳು ಹಿಡಿಯುವಷ್ಟು ಜಾಗ. ನತಾಲಿಯಾ ನನ್ನ ತೋಳು ಹಿಡಿದು, "ನನ್ನಿಂದ ಏನಾಗಿಹೋಯ್ತೋ ಅಕ್ಕಮ್ಮಾ" ಅಂದಳು. ಚಿಕ್ಕವಳಿದ್ದಾಗಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ.

"ಸುಮ್ಮನಿರು. ಕೇಳಿಸ್ಕೋ" ಅಂದೆ. ನಾವಿಬ್ಬರೂ ಹೆಜ್ಜೆ ಬಿರುಸು ಮಾಡಿದೆವು.

ಕಲ್ಲಿನ ಗಿರಣಿ ದಾಟಿದ ಮೇಲೆ ಜಿಲ್ಬೆರ್ತು ನಿಂತ.

"ನನಗೆ ಹೇಳಿದ್ರೆ ಏನಾಗ್ತಿತ್ತು?"

"ಏನು ಹೇಳಲಿ? ನೀನು ಬೇಡ ಅಂತಿದ್ದೆ."

"ಬೇಡ ಯಾಕೆ ಅಂತೀನಿ" ಅಂದ ಅವನು. "ನಾನೂ ಬರ್ತಿದ್ನಲ್ಲೇ."

ಇದಾಲೀನಾ ಅವನನ್ನೇ ನೋಡಿದಳು.

"ಹಡಗು ಪೂರ್ವಕ್ಕೆ ತಿರುಗಿದಾಗಲೆಲ್ಲ, ಕ್ಯಾಪ್ಟನ್ ನಿದ್ದೆ ಹೋಗಲಿ, ಹೀಗೇ ಹೋಗ್ತಾ ಇರಲಿ ಅಂದ್ಕೋತಿದ್ದೆ. ನೀನು ಇಲ್ಲಿ ಚೆನ್ನಾಗಿ ಹೊಂದ್ಕೊಂಡಿದ್ದೀಯ, ನಿನಗೆ ಯಾಕೆ ಹೇಳಿ ಬೇಜಾರು ಮಾಡೋದು ಅಂತ ಬಾಯಿ ಮುಚ್ಕೊಂಡಿದ್ದೆ."

"ನಾನು ಹೊಂದ್ಕೊಂಡಿದ್ನಾ?"

"ಮನೇಲಿ ಧಪಧಪ ನಡೀತಿದ್ಯಲ್ಲ."

ಇದಾಲೀನಾ ಬೀದಿಯ ನಡುವೆ ನಿಂತು ನಗಲು ಶುರು ಮಾಡಿದಳು. ನಕ್ಕು ನಕ್ಕು ಗಿರಣಿಯ ಗೋಡೆಗೆ ಒರಗಿಕೊಂಡಳು. ಆಮೇಲೆ ಅದು ಅಳುವಾಯಿತು. ಅವನು ಟೋಪಿಯನ್ನು ತಲೆಗೆ ಹಾಕಿ, ಅವಳ ತೋಳು ಹಿಡಿದುಕೊಂಡ. ನತಾಲಿಯಾ ನನ್ನನ್ನು ಬಿಟ್ಟು ಓಡಿಹೋಗಿ ತಾಯಿಯ ಇನ್ನೊಂದು ತೋಳು ಹಿಡಿದಳು. ನಾನು ಹಿಂದಿನಿಂದ ನಿಧಾನವಾಗಿ ಬಂದೆ. ನನ್ನ ಎದೆಯ ಮೇಲಿದ್ದ ಕಲ್ಲೂ ಎಲ್ಲೋ ಬಿದ್ದುಹೋಗಿತ್ತು. ಅಷ್ಟು ಹಗುರವಾಗಿ ನಾನು ಆ ಏರು ಹತ್ತಿದ್ದು ಯಾವತ್ತೂ ನೆನಪಿಲ್ಲ.

ಅಲ್ಲಿಂದ ತಾಯಿ ಮಗಳು ಮಾತಾಡತೊಡಗಿದರು. ಭಾನುವಾರ ನತಾಲಿಯಾ ಪುಸ್ತಕವನ್ನು ನಮ್ಮ ಭಾಷೆಯಲ್ಲಿ ಓದಿ ಹೇಳುತ್ತಿದ್ದಳು. ಇದಾಲೀನಾ ಅವಳನ್ನು ಒಂದು ಪುಟ ನೆಟ್ಟಗೆ ಓದಲು ಬಿಡುತ್ತಿರಲಿಲ್ಲ. "ನಿಮ್ಮಜ್ಜಿ ಅಷ್ಟು ಮೆತ್ತಗೆ ಮಾತಾಡ್ತಿರ್ಲಿಲ್ಲ. ಕತ್ತೆಗೂ ಕೇಳಿಸೋ ಹಾಗೆ ಕೂಗ್ತಿದ್ರು." "ಬೂದಿ ಬಿಳಿ ಅಲ್ಲ ಕಣೇ, ಕಪ್ಪು." "ಒಲಿಂಪಿಯಕ್ಕನ್ನ ಇಷ್ಟು ದಪ್ಪ ಮಾಡಬಾರದಿತ್ತು ನೀನು." ಕೊನೆಯ ಮಾತನ್ನು ನನಗೆ ಕೇಳಿಸಲಿ ಅಂತಲೇ ಅಂದದ್ದು. ಮಗಳು ಕೇಳುತ್ತಾ, ನಗುತ್ತಾ, ಅಂಚಿನಲ್ಲಿ ಏನೇನೋ ಗೀಚಿಕೊಳ್ಳುತ್ತಿದ್ದಳು. ಒಂದು ಸಲ, ಓದುವುದನ್ನು ನಿಲ್ಲಿಸಿ, "ಅಮ್ಮಾ, ಆವತ್ತು ಹೊರಡುವಾಗ ನನ್ನ ಕಡೆ ಯಾಕೆ ನೋಡಲಿಲ್ಲ?" ಅಂತ ಕೇಳಿದಳಂತೆ. "ನೋಡಿದ್ರೆ ಮೆಟ್ಟಿಲು ಇಳಿಯೋಕೆ ಆಗ್ತಿರ್ಲಿಲ್ಲ" ಅಂದಳಂತೆ ತಾಯಿ. ಇದನ್ನು ನತಾಲಿಯಾಳೇ ನನಗೆ ಹೇಳಿದಳು. ಹೇಳಿ ನಾನು ಕೊಟ್ಟ ಸಾರನ್ನು ಸಮಾಧಾನವಾಗಿ ಕುಡಿದಳು.

ಮೂರು ವರ್ಷದ ಕೆಳಗೆ ಮಕ್ಕಳು ಸೇರಿ ತಂದೆತಾಯಿಯನ್ನು ದ್ವೀಪಕ್ಕೆ ಕರೆದುಕೊಂಡು ಹೋದರು. ನನ್ನನ್ನೂ ಎಳೆದುಕೊಂಡು ಹೋದರು. ಇದಾಲೀನಾಳ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗೋರಿಯ ಮುಂದೆ ಮೋಂಬತ್ತಿ ಹಚ್ಚಿ, ಗುಡ್ಡದ ಈ ಕಡೆ ಬಂದೆವು. ಮನೆಯಿದ್ದ ಕಡೆ ಬೂದಿಯ ದಿಣ್ಣೆ, ಅದರ ಮೇಲೆ ಈಗ ಜೊಂಡು ಬೆಳೆದಿತ್ತು. ಇದಾಲೀನಾ ಚಪ್ಪಲಿ ಬಿಚ್ಚಿ ಅದರ ಮೇಲೆ ಸ್ವಲ್ಪ ದೂರ ನಡೆದಳು. ಅತ್ತಾಳೇನೋ ಅಂತ ನಾವೆಲ್ಲ ಕಾದೆವು. ಅವಳು ಕಾಲು ಕೊಡವಿಕೊಂಡು ಬಂದು ಚಪ್ಪಲಿ ಹಾಕಿದಳು.

ಸೋದರಮಾವನ ಮಗಳ ಮನೆಯಲ್ಲಿ ಅವಳಿಗೆ ನೀರು ತಣ್ಣಗಾಯಿತು, ಹಾಸಿಗೆ ಗಟ್ಟಿಯಾಯಿತು, ಬ್ರೆಡ್ಡು ಸಪ್ಪೆಯಾಯಿತು. "ನಮ್ಮೂರಲ್ಲಿ ಇದಕ್ಕೆ ಇನ್ನೊಂದಿಷ್ಟು ಮೊಟ್ಟೆ ಹಾಕ್ತಾರೆ" ಅಂದಳು ಒಂದು ಬೆಳಿಗ್ಗೆ.

"ಯಾವುದೇ ನಿಮ್ಮೂರು?" ಅಂತ ಆ ಮನೆಯವರು ಕೇಳಿದರು. "ಇದೇ ಅಲ್ವಾ?"

ಇದಾಲೀನಾ ಬ್ರೆಡ್ಡಿನ ತುಂಡನ್ನು ಕೈಯಲ್ಲಿ ಹಿಡಿದು ಯೋಚಿಸಿದಳು. "ಇದೂ ಹೌದು" ಅಂದಳು. "ಮೊಟ್ಟೆ ಹಾಕೋದು ಆ ಊರಲ್ಲಿ." ಹೇಳಿ ಕಾಫಿಗೆ ಅದ್ದಿ ತಿಂದಳು. ಆ ಮಾತು ಅವಳಿಗೆ ಯಾವ ಕಷ್ಟವನ್ನೂ ಕೊಟ್ಟ ಹಾಗೆ ಕಾಣಲಿಲ್ಲ.

ವಾಪಸ್ ಬಾಸ್ಟನ್ನಿನಲ್ಲಿ ಇಳಿದಾಗ ಇಳಿಹೊತ್ತು. ದುವಾರ್ತೆ ಹೋಗುವಾಗ ನಿಲ್ದಾಣದಲ್ಲಿ ಬಿಟ್ಟಿದ್ದ ವ್ಯಾನನ್ನು ತಂದ. ಇದಾಲೀನಾ ಕಿಟಕಿಯ ಪಕ್ಕ ಕೂತು ಬೂಟು ಬಿಚ್ಚಿದಳು, ಕಾಲನ್ನು ಜಿಲ್ಬೆರ್ತುವಿನ ಮಡಿಲಿಗೆ ಚಾಚಿದಳು. "ಫಿಲೊಮೆನಾಗೆ ದ್ವೀಪದ ಚೀಸ್ ತಂದಿದ್ದೀನಿ, ಜ್ಞಾಪಿಸು" ಅಂತ ನನಗೆ ಹೇಳಿದಳು. ಹೆದ್ದಾರಿಗೆ ಬರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬೀದಿಯ ಮೊದಲ ಮನೆಗಳು ಕಾಣಿಸಿದಾಗ ನತಾಲಿಯಾ ಎಬ್ಬಿಸಲು ಕೈ ಚಾಚಿದಳು. ಜಿಲ್ಬೆರ್ತು ಬೇಡ ಅಂತ ತಲೆಯಾಡಿಸಿದ. ಮನೆಯ ಮುಂದೆ ವ್ಯಾನು ನಿಲ್ಲಿಸಿ, ಸಾಮಾನನ್ನೆಲ್ಲ ಸದ್ದಿಲ್ಲದೆ ಇಳಿಸಿ, ಅವಳು ತಾನಾಗಿ ಏಳುವವರೆಗೆ ನಾವು ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದೆವು.